ಇಳಿಜಾರಿನಲ್ಲಿ ಕೂಗಿದ ಲಾರಿ

ಸಾವಿರದ ಒಂಬೈನೂರ ಮೂವತ್ತೇಳನೆಯ ಇಸವಿಯಲ್ಲಿ, ಮೂವರು ಮಿಸ್ತ್ರಿಗಳು ಕೈಬಿಟ್ಟಿದ್ದ ಲಾರಿಯೊಂದರ ದೋಷವನ್ನು ನಾನು ಕಂಡುಹಿಡಿದೆ. ಮುಲ್ಕಿ ಪರೀಕ್ಷೆ ಪಾಸಾಗಿಯೂ ಮಾಸ್ತರಿಕೆ ಬಿಟ್ಟು ಗ್ರೀಸು ಬಳಿದುಕೊಂಡವನೆಂದು ಗೋಕಾಕದಲ್ಲಿ ನನ್ನನ್ನು ನೋಡಿ ನಗುತ್ತಿದ್ದವರು, ಅಂದಿನಿಂದ 'ಬಂದೇನವಾಜ ಮಿಸ್ತ್ರಿಗಳು' ಎಂದು ಬಹುವಚನದಲ್ಲಿ ಕರೆಯತೊಡಗಿದರು. ಅದಕ್ಕಾಗಿ ಹನ್ನೊಂದು ದಿನ ದುಡಿದೆ. ಕೊನೆಯ ದಿನ ನನ್ನ ಅಂಗೈಗೆ ತಿಳಿದುಬಂದದ್ದನ್ನು ಆ ಅಂಗೈ ಇಂದಿಗೂ ಮರೆತಿಲ್ಲ.

ಲಾರಿ ಮೂಡಲಗಿಯ ಬೆಲ್ಲದ ವ್ಯಾಪಾರಿ ಮುರಿಗೆಪ್ಪನವರದು. ಗಾತ್ರದಲ್ಲಿ ಸಣ್ಣದು, ಮುಂದೆ ಇಬ್ಬರಿಗೆ ಸೀಟು, ಹಿಂದೆ ಹಲಗೆ ಬಡಿದ ತೆರೆದ ತೊಟ್ಟಿ. ಬೆಲ್ಲ ಹೇರಿಕೊಂಡು ಹುಕ್ಕೇರಿಗೆ ಹೋಗಿ, ಬರಿದಾಗಿ ಗೋಕಾಕದ ಗುಡ್ಡ ಇಳಿದು ಮರಳುವುದು ಅದರ ಕೆಲಸ. ಅದನ್ನು ಆರು ವರ್ಷ ನಡೆಸಿದವನು ನನ್ನ ಗೆಳೆಯ ಉದ್ದಪ್ಪ. ಆ ವರ್ಷದ ಮಾಘಮಾಸದಲ್ಲಿ ಅವನು ಮೂಡಲಗಿಯ ಪೇಟೆಯಲ್ಲಿ ಲಾರಿ ನಿಲ್ಲಿಸಿ, ಎಂಜಿನ್ ಆರಿಸಿ, ಎದೆ ಹಿಡಿದುಕೊಂಡು ಸೀಟಿನ ಮೇಲೆಯೇ ಸತ್ತುಹೋದ.

ಅದಾದ ಮೇಲೆ ಲಾರಿಗೆ ವಿಚಿತ್ರವೊಂದು ಅಂಟಿಕೊಂಡಿತು. ಪೆಟ್ರೋಲು ಉಳಿಸಲೆಂದು ನಮ್ಮ ಡ್ರೈವರುಗಳು ಇಳಿಜಾರಿನಲ್ಲಿ ಗೇರು ತೆಗೆದು, ಗಾಡಿಯನ್ನು ಅದರ ಭಾರಕ್ಕೇ ಉರುಳಬಿಡುತ್ತಾರೆ. ಆಗ ಎಂಜಿನ್ ತಗ್ಗಿ, ಮಲಗಿದ ಬೆಕ್ಕಿನಂತೆ ಗುರುಗುಡಬೇಕು. ಈ ಲಾರಿಯ ಎಂಜಿನ್ನೋ, ಗೇರು ತೆಗೆದೊಡನೆ ಮೆಲ್ಲನೆ ಏರುತ್ತಿತ್ತು. ಬ್ರೇಕು ಒತ್ತಿದಷ್ಟೂ ಹೆಚ್ಚು ಕೂಗುತ್ತಿತ್ತು. ಸಮನೆಲ ಮುಟ್ಟಿದೊಡನೆ ಏನೂ ಅರಿಯದಂತೆ ಸುಮ್ಮನಾಗುತ್ತಿತ್ತು. ಇಬ್ಬರು ಡ್ರೈವರುಗಳು ಕೆಲಸ ಬಿಟ್ಟರು. "ಉದ್ದಪ್ಪ ಇನ್ನೂ ಇಳದಿಲ್ಲ, ಅವನ ಕಾಲು ಎಕ್ಸಲೇಟರ್ ಮ್ಯಾಲೇ ಐತಿ" ಎಂಬ ಮಾತು ತುಕ್ಕಾನಟ್ಟಿಯಿಂದ ಕಣಗಲಾದವರೆಗೆ ಹಬ್ಬಿತು.

ಮೈಮೇಲೆ ದೇವರು ಬಂದು ಹೇಳಿಕೆ ಹೇಳುವ ಮುದುಕನೊಬ್ಬ ಪರಿಹಾರ ಸೂಚಿಸಿದ. ಉದ್ದಪ್ಪನ ಹೆಂಡತಿ ಲಕ್ಕವ್ವನ ಮನೆ ಆ ಗುಡ್ಡದ ಬುಡದಲ್ಲೇ ಇತ್ತು. ಅಮಾವಾಸ್ಯೆಯ ಮಧ್ಯಾಹ್ನ ಅವಳು ಇಳಿಜಾರಿನ ತಿರುವಿನಲ್ಲಿ ನಿಂತು, ಗಂಡನ ರುಮಾಲನ್ನು ಕಮರಿಗೆ ಎಸೆದು, ನಿನಗೂ ನನಗೂ ಋಣ ಹರಿಯಿತು, ಇನ್ನು ನನ್ನ ಮನೆಯ ದಾರಿ ಹಿಡಿಯಬೇಡ ಎಂದು ಮೂರು ಸಲ ಕೂಗಬೇಕು. ಮುರಿಗೆಪ್ಪನವರು ಒಪ್ಪಿಬಿಟ್ಟರು. ಲಕ್ಕವ್ವ ಸೆರಗು ಹೊದ್ದು ನನ್ನಲ್ಲಿಗೆ ಬಂದಳು.

"ಅಣ್ಣಾ, ಬದುಕಿದ್ದಾಗ ಒಂದ್ ದಿನಾ ಅವ್ರಿಗೆ ಎದುರಾಡ್ಲಿಲ್ಲ ನಾ. ಸತ್ತ ಮ್ಯಾಲೆ ಮನಿಗೆ ಬರಬ್ಯಾಡ ಅಂತ ಹೆಂಗ ಒದರ್ಲಿ?"

"ಒದರೂದು ಬ್ಯಾಡವಾ. ಅಮಾಸಿಗೆ ಇನ್ನ ಹನ್ನೊಂದು ದಿನಾ ಅದಾವ" ಎಂದೆ. ಹೇಳಿದ ಮೇಲೆ ನನಗೇ ಭಯವಾಯಿತು.

ಮರುದಿನವೇ ಮೂಡಲಗಿಗೆ ಹೋಗಿ ಮುರಿಗೆಪ್ಪನವರ ಅಂಗಳದಲ್ಲಿ ಕೆಲಸ ಹಿಡಿದೆ. ಕಾರ್ಬರೇಟರನ್ನು ಬಿಚ್ಚಿ ತೊಳೆದೆ. ಎಲ್ಲಿಂದಾದರೂ ಗಾಳಿ ಒಳಸೇರುತ್ತಿರಬಹುದೆಂದು ಪ್ಯಾಕಿಂಗುಗಳನ್ನು ಬದಲಿಸಿದೆ. ಎಕ್ಸಲೇಟರನ್ನು ಮೇಲಕ್ಕೆಳೆಯುವ ಸ್ಪ್ರಿಂಗು ಸಡಿಲಾಗಿತ್ತು. ಹೊಸದು ಸಿಗದೆ, ಅದನ್ನೇ ಎರಡು ಸುತ್ತು ಕತ್ತರಿಸಿ ಬಿಗಿಗೊಳಿಸಿದೆ. ಅಂಗಳದಲ್ಲಿ ಎಂಜಿನ್ ಗಡಿಯಾರದಂತೆ ನಡೆಯುತ್ತಿತ್ತು. ಗುಡ್ಡಕ್ಕೊಯ್ದರೆ ಮತ್ತದೇ ಕೂಗು. ಮುರಿಗೆಪ್ಪನವರ ತಾಯಿ ಕಾಶೆವ್ವ ದಿನವೂ ಮಜ್ಜಿಗೆ ತಂದಿಟ್ಟು, "ಇನ್ನೂ ಕೂಗತೈತೇನಪಾ?" ಎಂದು ಕೇಳುವರು, ಹೌದೆಂದರೆ ಬಣ್ಣಗೆಟ್ಟು ಒಳಗೆ ಹೋಗುವರು. ಎಂಟನೆಯ ದಿನದಿಂದ ಕೂಗು ಇಮ್ಮಡಿಯಾಯಿತು. ನನ್ನ ಕೈಕೆಲಸದಿಂದಲೇ ಹೆಚ್ಚಿತೋ ಎಂದು ನಾಚಿದೆ.

ಅಮಾವಾಸ್ಯೆ ಬಂದಿತು. ಮಟಮಟ ಮಧ್ಯಾಹ್ನ. ಕೆಳಗಿನ ತಿರುವಿನಲ್ಲಿ ಮುರಿಗೆಪ್ಪನವರು, ಅವರ ತಾಯಿ, ಹೇಳಿಕೆಯ ಮುದುಕ, ಇನ್ನೂ ಹತ್ತಾರು ಜನ. ಅವರ ನಡುವೆ ರುಮಾಲು ಹಿಡಿದ ಲಕ್ಕವ್ವ. ಗುಡ್ಡದ ನೆತ್ತಿಯಲ್ಲಿ ಲಾರಿಯೊಳಗೆ ನಾನು ಮತ್ತು ಹೊಸ ಡ್ರೈವರು ಯಲ್ಲಾರಿ. ಮರದ ಎಲೆ ಅಲುಗುತ್ತಿರಲಿಲ್ಲ. ದೂರದ ಧಬಧಬೆಯ ನೀರಿನ ಮೊರೆತವೊಂದೇ ನೆಲದೊಳಗಿಂದ ಬರುವಂತೆ ಕೇಳುತ್ತಿತ್ತು. ನಾನು ಸೀಟು ಬಿಟ್ಟು, ಪೆಡಲುಗಳ ಪಕ್ಕದಲ್ಲಿ ಹಲಗೆಯ ಮೇಲೆ ಮುದುಡಿ ಕುಳಿತೆ.

"ಮಿಸ್ತ್ರಿ, ಅಂವಾ ಬಂದ್ರ ಯಾರ ತೊಡಿ ಮ್ಯಾಲೆ ಕುಂಡ್ರತಾನ್ರಿ?" ಎಂದ ಯಲ್ಲಾರಿ. ನಗಲು ಹೋಗಿ ಅವನ ದನಿ ಒಡೆಯಿತು.

"ನಿನ್ನ ತೊಡಿ ದಪ್ಪ ಅದಾವ, ಅಲ್ಲೇ ಕುಂಡ್ರತಾನ. ಗೇರ್ ತಗಿ. ಎಡಗಾಲು, ಬಲಗಾಲು ಎರಡೂ ಸೀಟಿನ ಮ್ಯಾಲೆ ಮಡಚ್ಕೊ. ಬ್ರೇಕು ನಾ ಕೈಲೆ ಒತ್ತತೇನಿ."

ಲಾರಿ ಉರುಳಿತು. ಎಂಜಿನ್ ಒಂದು ಕ್ಷಣ ತಗ್ಗಿತು. ಆಮೇಲೆ, ನನ್ನ ಕಣ್ಣಿನಿಂದ ಒಂದು ಗೇಣು ದೂರದಲ್ಲಿ, ಉದ್ದಪ್ಪನ ಪಾದ ಆರು ವರ್ಷ ಸವೆಸಿ ಹೊಳಪಾಗಿಸಿದ್ದ ಆ ಎಕ್ಸಲೇಟರ್ ಪೆಡಲು ಯಾರ ಕಾಲೂ ಇಲ್ಲದೆ ತಾನೇ ಕೆಳಗಿಳಿಯತೊಡಗಿತು. ಅವಸರವಿಲ್ಲ. ಅನುಭವಸ್ಥನಾದ ಡ್ರೈವರು ಒತ್ತಿದಂತೆ ಒಂದೇ ಹದ. ಎಂಜಿನ್ ಕೂಗಿತು. ಯಲ್ಲಾರಿ ತಾಯಿಯನ್ನು ಕರೆದ. ನಾನು ಒಂದು ಕೈಯಿಂದ ಬ್ರೇಕು ಒತ್ತಿದೆ. ಪೆಡಲು ಇನ್ನೂ ಆಳಕ್ಕೆ ಹೋಯಿತು.

ಸುಳ್ಳು ಹೇಳಲಾರೆ: ಆಗ ನಾನು "ಉದ್ದಪ್ಪಾ, ಸಾಕು ಬಿಡೋ" ಎಂದೆ.

ಹೇಳುತ್ತಲೇ ಇನ್ನೊಂದು ಅಂಗೈಯನ್ನು ಪೆಡಲಿನ ಮೇಲಿಟ್ಟೆ. ಮೇಲಿನಿಂದ ಪಾದವೊಂದು ಒತ್ತುತ್ತಿದ್ದರೆ ಆ ಭಾರ ನನ್ನ ಕೈಯ ಬೆನ್ನಿನ ಮೇಲೆ ಬೀಳಬೇಕಿತ್ತು. ಬೀಳಲಿಲ್ಲ. ಪೆಡಲೇ ನನ್ನ ಅಂಗೈಯಿಂದ ಜಾರಿ ಕೆಳಗೆ ಸರಿಯುತ್ತಿತ್ತು. ಒತ್ತುವವರು ಮೇಲಿಲ್ಲ, ಎಳೆಯುವುದೇನೋ ಕೆಳಗಿದೆ.

ಬಲವೆಲ್ಲ ಹಾಕಿ ಬ್ರೇಕು ಒತ್ತಿ, ತಿರುವಿಗೆ ಮೂವತ್ತು ಹೆಜ್ಜೆ ಮೇಲೆ ನಿಲ್ಲಿಸಿದೆವು. ಯಲ್ಲಾರಿ ಗಾಲಿಗಳಿಗೆ ಕಲ್ಲು ಕೊಟ್ಟ. ಕೆಳಗೆ ಮುದುಕನ ದನಿ ಎದ್ದಿತ್ತು: "ಒದರವಾ, ಒದರ!" ಲಕ್ಕವ್ವನ ಕೈ ಮೇಲೆದ್ದಿತ್ತು. ನಾನು ಅದುವರೆಗೆ ಬಿಚ್ಚದಿದ್ದ ಕಾಲಡಿಯ ಹಲಗೆಯನ್ನು ಕಿತ್ತೆ. ಪೆಡಲಿನಿಂದ ಎಂಜಿನ್ನಿಗೆ ಹೋಗುವ ಸಲಾಕೆಯ ತುದಿಯ ಕೊಂಡಿಗೆ ಕೆಂಪು ಅರಿವೆಯ ಎರಡು ಗಂಟುಗಳು ತೂಗುತ್ತಿದ್ದವು; ಯಾರನ್ನೋ ಇಣುಕಿ ನೋಡುವಂತೆ ಮುಂದಕ್ಕೆ ವಾಲಿದ್ದವು.

"ಲಕ್ಕವ್ವಾ, ನಿಲ್ಲು!" ಎಂದು ಕಿರುಚಿದೆ.

ಜನ ಮೇಲೆ ಓಡಿಬಂದರು. ಗಂಟು ಬಿಚ್ಚಿದೆ. ಒಂದೊಂದರಲ್ಲೂ ಒಂದು ತೆಂಗಿನಕಾಯಿ, ಒಂದು ಕುದುರೆಯ ಲಾಳ. ಸಮನೆಲದಲ್ಲಿ ಅವು ನೆಟ್ಟಗೆ ತೂಗುತ್ತ ಯಾವುದನ್ನೂ ಎಳೆಯುತ್ತಿರಲಿಲ್ಲ. ಲಾರಿ ಮುಂದಕ್ಕೆ ತಗ್ಗಿದಾಗ, ಬ್ರೇಕು ಬಿದ್ದಾಗ, ಮುಂದಕ್ಕೆ ಓಲಿ ಸಲಾಕೆಯನ್ನು ಎಳೆಯುತ್ತಿದ್ದವು.

ಎಲ್ಲರ ಹಿಂದಿನಿಂದ ಕಾಶೆವ್ವನವರ ದನಿ ಬಂತು. "ಅವು ನಾ ಕಟ್ಟಿದ್ವು."

"ಯವ್ವಾ!" ಎಂದರು ಮುರಿಗೆಪ್ಪನವರು.

"ಉದ್ದಪ್ಪ ಸೀಟಿನ ಮ್ಯಾಲೇ ಜೀವಾ ಬಿಟ್ಟನಲ್ಲೋ. ಲಾರ್‍ಯಾಗ ನಿಲ್ಲಬಾರದಂತ ಮೊದಲನೇದು ಕಟ್ಟಿದ್ನಿ. ಕೂಗೂದು ನಿಲ್ಲವಲ್ದಂತ ಮೊನ್ನೆ ಮತ್ತೊಂದು ಕಟ್ಟಿದ್ನಿ. ಕಾಯಿ ಕಟ್ಟಿದ ಜಾಗಾ ಬಾಯಿಬಿಟ್ಟು ಹೇಳಿದ್ರ ಫಲಾ ಹೋಗತೈತಿ. ಅದಕ್ಕ ಸುಮ್ಮನಿದ್ನಿ."

"ಭೂತ ಬಿಡಸಾಕ ಹೋಗಿ ನೀನ ತಂದು ಕುಂಡ್ರಿಸಿದಂಗಾತು ನೋಡು" ಎಂದು ಮಗ ಗದರಿದರು. ಯಾರೋ ಕಿಸಕ್ಕೆಂದರು. ಹೇಳಿಕೆಯ ಮುದುಕ ಆಗಲೇ ಗುಡ್ಡ ಇಳಿಯುತ್ತಿದ್ದ.

ಗಂಟುಗಳನ್ನು ತೆಗೆದು ಮತ್ತೆ ಗೇರಿಲ್ಲದೆ ಇಳಿದೆವು. ಎಂಜಿನ್ ತಗ್ಗಿತು, ತಗ್ಗಿಯೇ ಉಳಿಯಿತು. ಅಷ್ಟು ದಿನ ಕಾದ ಆ ಮೌನವು, ಬಂದಾಗ, ಕೂಗಿಗಿಂತ ಹೆಚ್ಚು ಮೈ ಜುಮ್ಮೆನಿಸಿತು.

ಲಕ್ಕವ್ವ ರುಮಾಲನ್ನು ಮಡಿಸಿ ಮಡಿಲಿಗಿಟ್ಟುಕೊಂಡಿದ್ದಳು. ಸಂತೋಷಪಡುವಳೆಂದು ಬಗೆದು ಬಳಿಗೆ ಹೋದೆ.

"ಅಂದ್ರ ಅವ್ರು ಅದರಾಗ ಇದ್ದೇ ಇರ್ಲಿಲ್ಲೇನಣ್ಣಾ?" ಎಂದಳು.

"ಇಲ್ಲವಾ."

"ಲಾರಿ ಕೂಗಿದ್ದು ಕೇಳಿದಾಗೆಲ್ಲಾ ಒಂದು ರೊಟ್ಟಿ ಹೆಚ್ಚಿಗಿ ಬಡೀತಿದ್ನಿ" ಎಂದು ಹೇಳಿ, ಮನೆಯ ಕಡೆಗೆ ನಡೆದಳು.

ಈ ವೃತ್ತಾಂತವನ್ನು ನಾನು ಹಲವರಿಗೆ ಹೇಳಿದ್ದೇನೆ. ಎಲ್ಲರೂ ನನ್ನ ಬುದ್ಧಿಯನ್ನು ಹೊಗಳಿದ್ದಾರೆ. ಹೊಗಳಿಕೆಗೆ ನಾನು ಅನರ್ಹನೂ ಅಲ್ಲ. ಮೊನ್ನೆ ಲಕ್ಕವ್ವನ ಮೊಮ್ಮಗಳು ಕೆಂಪವ್ವ ಬಂದು, ಮೊದಲಿನಿಂದ ಕೊನೆಯವರೆಗೂ ಕಣ್ಣು ಮಿಟುಕಿಸದೆ ಕೇಳಿದಳು. ಮುಗಿದ ಮೇಲೆ ನನ್ನ ಹತ್ತಿರಕ್ಕೆ ಸರಿದು ಕುಳಿತಳು.

"ಅಜ್ಜಾರ, ಇನ್ನೊಮ್ಮೆ ಹೇಳ್ರಿ" ಎಂದಳು. "ಗಂಟು ಸಿಕ್ಕಿದ್ದು ಬ್ಯಾಡ್ರಿ. ಪೆಡಲು ತಾನಾಗೇ ಕೆಳಗ ಹೋತು, ನೀವು ನಮ್ಮಜ್ಜನ್ನ ಹೆಸರ ಹಿಡಿದು ಕರೆದ್ರಿ ಅಂದ್ರಲ್ಲಾ, ಅಲ್ಲೀತನಕ ಅಷ್ಟ ಹೇಳ್ರಿ."