ಮುಚ್ಚಳ ತೆಗೆದದ್ದಷ್ಟೇ

ನಂಜನಗೂಡಿನ ಆಸ್ಪತ್ರೆಯಲ್ಲಿ ಮಾದಯ್ಯನ ಮೂಗಿನಿಂದ ಹೊಟ್ಟೆಗೆ ಸಣ್ಣ ನಳಿಗೆ ಇಳಿಬಿಟ್ಟಿದ್ದರು. ಖಾಲಿ ಹೊಟ್ಟೆಯಲ್ಲಿ ಹುಳಿರಸ ಎಷ್ಟು ಊರುತ್ತದೆಂದು ನೋಡುವ ಪರೀಕ್ಷೆ ಅದು. ಮಂಚದ ಪಕ್ಕದ ಸೀಸೆಗೆ ರಸ ತೊಟ್ಟು ತೊಟ್ಟಾಗಿ ಬೀಳುತ್ತಿತ್ತು. ದೇವನೂರಿನಿಂದ ಮೊದಲ ಬಸ್ಸಿಗೇ ಬಂದಿದ್ದ ಹೆಂಡತಿ ರಾಚಮ್ಮ, ಸಾರು ಹಳಸಿತೇನೋ ಎಂದು ತಾನು ತಂದ ಊಟದ ಕ್ಯಾರಿಯರಿನ ಮುಚ್ಚಳ ತೆಗೆದು ಮೂಸಿದಳು. ಹುರುಳಿಕಾಳಿನ ಬಸ್ಸಾರಿನ ಘಮ ವಾರ್ಡಿಗೆಲ್ಲ ಹರಡಿತು. ಸ್ವಲ್ಪ ಹೊತ್ತಿಗೆ ಸೀಸೆ ಭರಭರನೆ ತುಂಬತೊಡಗಿತು.

ಡಾಕ್ಟರು ಸಿಡುಕಿದರು. “ಯಾರಮ್ಮ ಊಟ ತಂದಿದ್ದು? ವಾಸನೆ ಮೂಗಿಗೆ ಬಿದ್ರೆ ಸಾಕು, ಮಿದುಳು ಹೊಟ್ಟೆಗೆ ಹೇಳಿಬಿಡುತ್ತೆ, ರಸ ಸುರಿಯುತ್ತೆ. ಪರೀಕ್ಷೆ ಕೆಟ್ಟೋಯ್ತು, ನಾಳೆ ಮತ್ತೆ ಮಾಡಬೇಕು.”

“ಇನ್ನೂ ಒಂದ್ ತುತ್ತೂ ತಿಂದಿಲ್ವಲ್ಲ ಸಾ?”

“ತಿನ್ನೋದೇ ಬೇಡಮ್ಮ, ಆಸೆಯಾದ್ರೆ ಸಾಕು.”

ರಾಚಮ್ಮ ಸೀಸೆಯನ್ನೇ ನೋಡಿದಳು. ಮದುವೆಯಾದಂದಿನಿಂದ ಈ ಗಂಡಸು ತಟ್ಟೆ ಬಳಿದು ಎದ್ದುಹೋದನೇ ಹೊರತು, ಸಾರು ಚೆನ್ನಾಗಿದೆ ಎಂದು ಒಂದು ದಿನವೂ ಬಾಯಿಬಿಟ್ಟವನಲ್ಲ. ಅವಳ ಕೈಗೆ ರುಚಿಯೇ ಇಲ್ಲವೆಂದು ಅತ್ತೆ ಊರೆಲ್ಲ ಸಾರಿದಾಗಲೂ ಅವನು ತುಟಿ ಪಿಟಕ್ಕೆನ್ನಲಿಲ್ಲ. ಈಗ ಅವನ ಹೊಟ್ಟೆಯೇ ಡಾಕ್ಟರ ಮುಂದೆ ಸಾಕ್ಷಿ ನುಡಿದಿತ್ತು.

ನರ್ಸು ಸೀಸೆ ಎತ್ತಿಕೊಂಡಳು. ರಾಚಮ್ಮ ಎದೆಯುಬ್ಬಿಸಿ ಅಡ್ಡ ನಿಂತಳು.

“ಚೆಲ್ಬ್ಯಾಡ ಕಣವ್ವ. ಮಧ್ಯಾಹ್ನದ ಬಸ್ಸಿಗೆ ನಮ್ಮತ್ತೆ ಬತ್ತಾವ್ಳೆ. ನೋಡ್ಕೊಂಡೋಗ್ಲಿ.”