ತನ್ನನ್ನು ಎಣಿಸಿಕೊಳ್ಳದವನು

ನಮ್ಮ ಬೂ ಹಮೂದನ ದಿವಾನಿಯಾದಲ್ಲಿ, ಅಂದರೆ ಅವನ ಮನೆಯ ಹರಟೆಕೋಣೆಯಲ್ಲಿ, ನಾವು ನಲವತ್ತು ವರ್ಷಗಳಿಂದ ಪ್ರತಿ ಸಂಜೆ ಗೋಡೆಗೊರಗಿ ಕೂತು, ಅವನ ಕಾಫಿ ಕುಡಿದು, ಅವನನ್ನೇ ಬೈದು ಮನೆಗೆ ಹೋಗುತ್ತೇವೆ. ಅವನು ಕೂತು ಕುಡಿದದ್ದನ್ನು ನಾನು ನೋಡಿದ ನೆನಪಿಲ್ಲ. ಕಾಫಿಯ ಹೂಜಿ ಹಿಡಿದು ನಿಂತೇ ಇರುತ್ತಾನೆ.

ಬಾಗಿಲ ಪಕ್ಕದ ಮೂಲೆ ಫಲಾಹನದು. ಆ ದಿನ ಅವನು ಲಂಡನ್ನಿನ ಆಸ್ಪತ್ರೆಯಲ್ಲಿದ್ದ; ಮರುದಿನ ಬೆಳಿಗ್ಗೆ ಹೃದಯದ ಆಪರೇಷನ್. "ಬೂ ಹಮೂದ್ ಬಂದು ಪಕ್ಕದಲ್ಲಿ ನಿಲ್ಲೋ ತನಕ ಒಳಗೆ ಹೋಗಲ್ಲ" ಎಂದು ಹಟ ಹಿಡಿದಿದ್ದ. ಫಲಾಹನ ಹಟ ನಮಗೆ ಗೊತ್ತು. ಬೂ ಹಮೂದ್, ಸನದ್, ಮುತ್ಲಖ್, ನಾನು, ನಾಲ್ವರೂ ಹೊರಟೆವು.

ಕುವೈತಿನವರಿಗೆ ಅಲ್ಲಿಗೆ ವೀಸಾ ಬೇಡ. ಆದರೆ ವಿಮಾನ ಹತ್ತುವ ಮೊದಲು ಫೋನಿನಲ್ಲಿ ಪ್ರಯಾಣದ ಅನುಮತಿ ಪಡೆಯಬೇಕು, ತಲೆಗೊಂದರಂತೆ. ಬೂ ಹಮೂದ್ ತನ್ನ ಫೋನಿನಲ್ಲೇ ಎಲ್ಲರದ್ದೂ ಮಾಡಿದ. ಸನದನ ಫೋಟೋ ಆರು ಸಲ ತೆಗೆದ. ಮುತ್ಲಖನ ಪಾಸ್‌ಪೋರ್ಟ್ ಹುಡುಕಿಕೊಟ್ಟ. ನನ್ನ ಗೊಣಗಾಟವನ್ನೂ ಸಹಿಸಿದ.

ವಿಮಾನ ನಿಲ್ದಾಣದ ಕೌಂಟರಿನ ಹುಡುಗಿ ಪರದೆ ನೋಡಿ, ಮತ್ತೆ ನೋಡಿ ಹೇಳಿದಳು: "ಈ ಮೂವರದ್ದೂ ಬಂದಿದೆ. ದೊಡ್ಡಪ್ಪ, ನಿಮ್ಮದೇ ಇಲ್ವಲ್ಲ?"

ಬೂ ಹಮೂದ್ ಬೆರಳು ಮಡಚಿ ಎಣಿಸಿದ. "ಸನದ್, ಮುತ್ಲಖ್, ಇವನು..." ಅಲ್ಲಿಗೆ ನಿಂತ. ದಿವಾನಿಯಾದಲ್ಲಿ ಅವನು ಕಪ್ಪುಗಳನ್ನು ಎಣಿಸುವುದೂ ಹಾಗೆಯೇ, ಕೂತವರಿಗೆ ಮಾತ್ರ.

"ನಂದು ಇವನಿಗೆ ಕೊಟ್ಬಿಡಮ್ಮ, ನಾನು ಮನೇಗೆ ಹೋಗ್ತೀನಿ" ಎಂದ ಸನದ್.

"ಅದು ನಿಮ್ಮ ಪಾಸ್‌ಪೋರ್ಟಿಗೆ ಸೇರಿದ್ದು ದೊಡ್ಡಪ್ಪ, ಇನ್ನೊಬ್ಬರಿಗೆ ಆಗಲ್ಲ. ಈಗಲೇ ಅರ್ಜಿ ಹಾಕಿ. ಬೇಗ ಬಂದರೂ ಬರಬಹುದು, ಮೂರು ದಿನ ಆದರೂ ಆಗಬಹುದು. ಕೌಂಟರ್ ಮುಚ್ಚೋಕೆ ನಲವತ್ತು ನಿಮಿಷ ಇದೆ."

ಬೂ ಹಮೂದನ ಕೈಯಿಂದ ಫೋನ್ ಕಿತ್ತುಕೊಂಡೆ. "ಕತ್ತೆ, ಎಪ್ಪತ್ತಾಯ್ತು, ನೀನೂ ಒಬ್ಬ ಮನುಷ್ಯ ಅನ್ನೋದು ಗೊತ್ತಾಗಲಿಲ್ವಾ?" ಬೈಯುತ್ತಲೇ ಅವನ ಫೋಟೋ ತೆಗೆದೆ. ಅವನ ಫೋನಿನ ತುಂಬ ನಮ್ಮ ಮುಖಗಳೇ; ಅವನದು ಇದೇ ಮೊದಲು. ಅದಕ್ಕೇ ಇನ್ನಷ್ಟು ಬೈದೆ.

ಅರ್ಜಿ ಹೋಯಿತು. ಉತ್ತರವಿಲ್ಲ.

"ನೀವು ಹೋಗಿ. ಫಲಾಹನಿಗೆ ನಾನೇ ಫೋನ್ ಮಾಡಿ ಹೇಳ್ತೀನಿ" ಎಂದ ಬೂ ಹಮೂದ್.

"ಬಾಯಿ ಮುಚ್ಕೊಂಡು ನಿಂತ್ಕೋ" ಎಂದ ಮುತ್ಲಖ್. ಆಮೇಲೆ ಕೌಂಟರಿಗೆ ಹೋಗಿ ತನ್ನ ಖರ್ಜೂರದ ಡಬ್ಬಿಯನ್ನು ಮೂರು ಸಲ ತೂಗಿಸಿದ. ಸನದ್ ಕಿಟಕಿ ಪಕ್ಕದ ಸೀಟು ಕೇಳಿದ, ಬೇಡವೆಂದ, ಮತ್ತೆ ಕೇಳಿದ. ನಾನು ಮಂಡಿನೋವಿನ ಇಡೀ ಕಥೆ ಹೇಳಿದೆ. ನಾವೇ ಕೊನೆಯವರು, ನಾವು ಸರಿದರೆ ಕೌಂಟರ್ ಮುಚ್ಚಿಬಿಡುತ್ತದೆಂದು ಈ ನಾಟಕ; ಹುಡುಗಿಗೆ ಎಲ್ಲ ಅರ್ಥವಾಗಿತ್ತು. "ಇನ್ನೇನಾದ್ರೂ ಇದೆಯಾ ದೊಡ್ಡಪ್ಪ?" ಎಂದು ತಾನೇ ಕೇಳುತ್ತ ನಿಂತಳು.

ಕೌಂಟರ್ ಮುಚ್ಚಲು ಇನ್ನು ಆರು ನಿಮಿಷ ಇರುವಾಗ ಫೋನ್ ಸದ್ದು ಮಾಡಿತು. ಅನುಮತಿ ಬಂದಿತ್ತು. ಸನದ್ ಆ ಹುಡುಗಿಗೆ ಕೊಟ್ಟ ಆಶೀರ್ವಾದ ಅವಳ ಮೊಮ್ಮಕ್ಕಳವರೆಗೂ ಸಾಕು.

ಮರುದಿನ ಬೆಳಿಗ್ಗೆ ಫಲಾಹನ ಹಾಸಿಗೆಯ ಸುತ್ತ ನಿಂತು ನಡೆದದ್ದನ್ನೆಲ್ಲ ಹೇಳಿದೆವು. ನಗುತ್ತ ನಗುತ್ತ ಅವನ ಕಣ್ಣಲ್ಲಿ ನೀರು ಬಂತು. ಅವನ ಮಗಳು ಫ್ಲಾಸ್ಕಿನಲ್ಲಿ ಕಾಫಿ ತಂದಿದ್ದಳು. ಬೂ ಹಮೂದನ ಕೈ ತಾನಾಗಿ ಅದರತ್ತ ಹೋಯಿತು.

"ಅವನ ಕೈಗೆ ಕೊಡಬೇಡಮ್ಮ" ಎಂದ ಫಲಾಹ್. "ಮೊದಲು ಅವನನ್ನ ಕೂರಿಸು."

ಮಗಳು ಅವನನ್ನು ಕುರ್ಚಿಯಲ್ಲಿ ಕೂರಿಸಿ ಮೊದಲ ಕಪ್ಪು ಕೊಟ್ಟಳು. ಅವನು ಅಭ್ಯಾಸಬಲದಿಂದ ಅದನ್ನು ನನ್ನತ್ತ ಚಾಚಿದ. ನಾನು ಅವನ ಮಣಿಕಟ್ಟು ಹಿಡಿದೆ.

"ಒಂದು," ಎಂದು ಎಣಿಸಿದ ಫಲಾಹ್, ಹಾಸಿಗೆಯಿಂದಲೇ. "ಕುಡಿಯೋ. ನೀನು ಕುಡಿದ ಮೇಲೇ ನಾನು ಒಳಗೆ ಹೋಗೋದು."

ಬೂ ಹಮೂದ್ ಕುಡಿದ.