ಸ್ಯಾಂಪಲ್ ಅತ್ತೆ

ಯಾರ ಮೈಮೇಲಿನ ಅಂಗಿ ಎಷ್ಟೇ ಚೆನ್ನಾಗಿರಲಿ, ಸ್ಯಾಂಪಲ್ ಅತ್ತೆ ಅದನ್ನು ಹೊಗಳಿದ್ದನ್ನು ಮನೆಯವರು ಕೇಳಿದ್ದಿಲ್ಲ. "ಒಳಗಡೆ ಹೇಗಿದೆ?" ಎನ್ನುವಳು, ಅಷ್ಟಕ್ಕೇ ಸುಮ್ಮನಾಗದೆ, ನೆಂಟರೋ ನೆರೆಯವರೋ ಎಂದೂ ನೋಡದೆ, ತೋಳಿನ ಅಂಚನ್ನು ಎರಡು ಬೆರಳಲ್ಲಿ ಹಿಡಿದು ಮಗುಚಿ, ಹೊಲಿಗೆಯ ಮೇಲೆ ಉಗುರಾಡಿಸಿ, "ಹ್ಞೂಂ" ಎಂದು ಬಿಟ್ಟುಬಿಡುವಳು. ಆ ಹ್ಞೂಂಕಾರದಲ್ಲಿ ಮೆಚ್ಚುಗೆ ಎಷ್ಟು, ಮರುಕ ಎಷ್ಟು ಎಂಬುದು ಯಾರಿಗೂ ಬಗೆಹರಿದಿರಲಿಲ್ಲ.

ಮೂವತ್ತೊಂದು ವರ್ಷ ಅವಳು ದೊಡ್ಡದೊಂದು ಗಾರ್ಮೆಂಟ್ಸ್ ಕಾರ್ಖಾನೆಯ ಸ್ಯಾಂಪಲ್ ಕೋಣೆಯಲ್ಲಿದ್ದಳು. ಕೆಳಗಿನ ಹಾಲ್‌ನಲ್ಲಿ ನಾನೂರು ಯಂತ್ರಗಳು ಗರಗರ ಎನ್ನುತ್ತಿದ್ದರೆ, ಮಹಡಿಯ ಕಿಟಕಿಯ ಪಕ್ಕದಲ್ಲಿ ಅವಳದೊಂದೇ ಯಂತ್ರ. ಗಿರಾಕಿಗೆ ತೋರಿಸುವ ಮೊದಲ ಅಂಗಿಯನ್ನು ಕಾಲರಿನಿಂದ ಕೊನೆಯ ಗುಂಡಿಯವರೆಗೆ ಒಬ್ಬಳೇ ಹೊಲಿಯುವುದು ಅವಳ ಕೆಲಸ. ಗಿರಾಕಿ ಒಪ್ಪಿದ ಮೇಲೆ ಅಂಥದೇ ಸಾವಿರಾರು ಅಂಗಿಗಳು ಕೆಳಗೆ ತಯಾರಾಗುತ್ತಿದ್ದವು, ಒಬ್ಬರು ಬರೀ ತೋಳು, ಇನ್ನೊಬ್ಬರು ಬರೀ ಜೇಬು. ಪೆಡಲ್ ಒತ್ತಿ ಒತ್ತಿ ಬಲಗಾಲು ಭಾರವಾಗಿ, ನಡೆಯುವಾಗಲೂ ಅವಳು ಆ ಕಾಲನ್ನು ನೆಲಕ್ಕೆ ಒತ್ತಿಯೇ ಮುಂದೆ ಹೋಗುವಳು. ನಿವೃತ್ತಳಾದ ಮೇಲೂ ಬಿಡದ ನೀಲಿ ಕೋಟಿನಲ್ಲಿ ಮೂರನೆಯ ಗುಂಡಿಯ ಜಾಗಕ್ಕೆ ಒಂದು ಪಿನ್ನು. ಕೇಳಿದರೆ, "ನನ್ನನ್ಯಾವ ಗಿರಾಕಿ ನೋಡ್ಬೇಕಾಗಿದೆ?" ಎನ್ನುವಳು.

ಇಂಥವಳ ಮುಂದೆ ಅಣ್ಣನ ಮಗಳು ಒಂದು ಅಂಗಿ ತಂದಿಟ್ಟಳು.

ಹುಡುಗಿ ಇದ್ದ ನೌಕರಿ ಬಿಟ್ಟು ಸ್ವಂತ ಬ್ರ್ಯಾಂಡ್ ಕಟ್ಟಲು ಹೊರಟಿದ್ದಳು. ಹೆಸರಾದ ಅಂಗಡಿಯೊಂದು ಮುನ್ನೂರು ಅಂಗಿ ಹಿಡಿಯುವ ಒಂದು ಶೆಲ್ಫನ್ನು ಮೂರು ತಿಂಗಳ ಮಟ್ಟಿಗೆ ಕೊಡಲು ಒಪ್ಪಿತ್ತು; ಅಂಗಿಗಳು ವಾಪಸು ಬಂದರೆ ಇನ್ನೊಮ್ಮೆ ಬಾಗಿಲು ತೆರೆಯುವುದಿಲ್ಲ. ಸಿದ್ಧ ಅಂಗಿ ಕೊಂಡು ತನ್ನ ಲೇಬಲ್ ಹೊಲಿಸುವ ದಾರಿಯನ್ನು ಅವಳು ಮೊದಲೇ ಬಿಟ್ಟಿದ್ದಳು, ಭುಜದ ಬಳಿ ಸಣ್ಣ ನೆರಿಗೆಯೇಳುವ ಆ ತೋಳು ಅವಳದೇ ಕಲ್ಪನೆ, ಸಿದ್ಧ ಸಿಗುವಂಥದಲ್ಲ. ಇನ್ನು ಉಳಿದದ್ದು ಬಟ್ಟೆಯಿಂದ ಪ್ಯಾಕಿಂಗ್‌ವರೆಗೆ ಎಲ್ಲವನ್ನೂ ವಹಿಸಿಕೊಳ್ಳುವ ದೊಡ್ಡ ಕಾರ್ಖಾನೆ. ಇಲ್ಲವೇ ಬಟ್ಟೆ, ದಾರ, ಗುಂಡಿ ಎಲ್ಲವನ್ನೂ ತಾನೇ ಹೊತ್ತು ತಂದು ಹೊಲಿಸಿಕೊಳ್ಳಬೇಕಾದ, ಎಂಟೇ ಯಂತ್ರಗಳ ಸಣ್ಣ ಘಟಕ. ದೊಡ್ಡ ಕಾರ್ಖಾನೆ ಕಳಿಸಿದ ಸ್ಯಾಂಪಲ್ ಕಣ್ಣಿಗೆ ಹಬ್ಬವಾಗಿತ್ತು. ಮರುದಿನ ಸಹಿ.

ಅತ್ತೆ ಅಂಗಿಯನ್ನು ಒಳಮಗ್ಗುಲಾಗಿಸಿ ಬಹಳ ಹೊತ್ತು ನೋಡಿದಳು.

"ಹೊಲಿದ ಕೈ ಚೆನ್ನಾಗಿದೆ."

"ಅಬ್ಬಾ! ಅತ್ತೆ ಬಾಯಲ್ಲಿ ಹೊಗಳಿಕೆ! ಇವತ್ತೇ ಸಹಿ ಹಾಕಿಬಿಡ್ಲಾ?"

"ತಡಿಯೇ ಮಾರಾಯ್ತಿ. ಈ ತೋಳು ಕೂರಿಸೋಕೆ ಅರ್ಧ ಗಂಟೆ ಹಿಡಿದಿದೆ. ಕೆಳಗೆ ಹಾಲ್‌ನಲ್ಲಿ ಒಂದು ತೋಳಿಗೆ ಒಂದು ನಿಮಿಷ ಕೊಟ್ರೆ ಹೆಚ್ಚು. ನಿನ್ನ ನೆರಿಗೆ ಅಲ್ಲಿ ನೆಗೆದುಬಿದ್ದುಹೋಗುತ್ತೆ."

"ನೀನೇನು ಹೋಗಿ ನೋಡಿದ್ಯಾ?"

"ಮೂವತ್ತೊಂದು ವರ್ಷ ಇಂಥದನ್ನೇ ಹೊಲಿದಿದೀನಿ, ನೋಡೋದೇನು ಬಂತು?"

ಹುಡುಗಿಗೆ ನಿಧಾನವಾಗಿ ಹೊಳೆಯಿತು. "ಹಾಗಾದ್ರೆ ಇಷ್ಟು ವರ್ಷ ನೀನು ಗಿರಾಕಿಗಳಿಗೆ ಟೋಪಿ ಹಾಕ್ತಿದ್ಯಾ?"

ಅತ್ತೆಯ ಮುಖ ಬಿಗಿಯಿತು. "ನಾನು ಹೊಲಿದಿದ್ರಲ್ಲಿ ಒಂದೆಳೆ ಸುಳ್ಳಿದ್ರೆ ತೋರ್ಸು. ಎರಡನೇದನ್ನ ಯಾರು ಹೊಲೀತಾರೆ ಅಂತ ಯಾರೂ ಕೇಳ್ಲಿಲ್ಲ. ನಾನೂ ಹೇಳ್ಲಿಲ್ಲ." ಅಂಗಿಯನ್ನು ಮಡಿಸಿ ಕೊಡುವಾಗ ದನಿ ತಗ್ಗಿತ್ತು. "ನೀನು ಕೇಳು."

ಮರುದಿನ ಹುಡುಗಿ ಕಾರ್ಖಾನೆಗೆ ಹೋಗಿ ಕೇಳಿದಳು: ಹಾಲ್‌ನಲ್ಲಿ ಹೊಲಿದ ಹತ್ತು ಅಂಗಿ ಮೊದಲು ತೋರಿಸಿ. ಮ್ಯಾನೇಜರ್ ನಕ್ಕ. "ಆರ್ಡರ್ ಕೊಡಿ ಮೇಡಂ, ಹತ್ತ್ಯಾಕೆ, ಮುನ್ನೂರೂ ನೋಡಿ." ಅವಳು ಪೆನ್ನು ಮುಚ್ಚಿ ಎದ್ದು ಬಂದಳು.

ಸಣ್ಣ ಘಟಕಕ್ಕೆ ಅತ್ತೆಯೂ ಜೊತೆಗೆ ಹೋದಳು. ಅಲ್ಲಿನ ಸ್ಯಾಂಪಲ್‌ನಲ್ಲಿ ಎಡದೋಳು ತುಸು ಎಳೆದಿತ್ತು. ಹುಡುಗಿಯ ಮುಖ ಬಾಡಿತು.

"ಇದನ್ನ ಯಾರು ಹೊಲಿದಿದ್ದು?" ಎಂದಳು ಅತ್ತೆ.

"ತೋಳು ಆ ಕಡೆ ಕೂತಿರೋ ಅಕ್ಕ. ಮುಂದೆಯೂ ಅವರೇ, ನಮ್ಮಲ್ಲಿ ಬೇರೆ ಯಾರಿದಾರೆ?" ಎಂದ ಘಟಕದ ಯಜಮಾನ. "ಆದ್ರೆ ನೀವು ಹೇಳಿದ ತಾರೀಖಿನೊಳಗೆ ನೂರೈವತ್ತರ ಮೇಲೆ ಒಂದೂ ಆಗಲ್ಲಮ್ಮ. ಈಗಲೇ ಹೇಳಿಬಿಟ್ಟಿದೀನಿ."

ಅತ್ತೆ ಆ ಹೆಂಗಸಿನ ಪಕ್ಕ ಸ್ಟೂಲು ಎಳೆದುಕೊಂಡು ಕೂತಳು. ನೆರಿಗೆಯನ್ನು ಎಲ್ಲಿ ಹಿಡಿಯಬೇಕು, ಎಲ್ಲಿ ಬಟ್ಟೆಯನ್ನು ತಾನಾಗಿ ಹೋಗಲು ಬಿಡಬೇಕು ಎಂದು ಸೀಮೆಸುಣ್ಣದಲ್ಲಿ ಗುರುತು ಹಾಕಿದಳು. ನಾಲ್ಕನೆಯ ತೋಳು ಸರಿಬಂತು. ಐದನೆಯದು ಮತ್ತೆ ಎಳೆಯಿತು. ಆರು, ಏಳು ನೆಟ್ಟಗಾದವು. ಹುಡುಗಿ ಅಲ್ಲೇ ನಿಂತು ಅಂಗಡಿಯವನಿಗೆ ಫೋನ್ ಮಾಡಿ, ಮುನ್ನೂರಲ್ಲ, ನೂರೈವತ್ತೇ ಎಂದಳು. "ಅರ್ಧ ಖಾಲಿ ಶೆಲ್ಫು ಇಟ್ಕೊಂಡು ನಾನೇನು ಪೂಜೆ ಮಾಡ್ಲಾ?" ಎಂದ ಆತ, ಉಳಿದರ್ಧವನ್ನು ಇನ್ನೊಬ್ಬರಿಗೆ ಕೊಟ್ಟ. ಅವಳು ಅರ್ಧಕ್ಕೆ ಒಪ್ಪಿದಳು.

ತೋರಿಕೆಗೆ ಇಡುವ ಕೆಲಸವನ್ನು ಪ್ರಾಮಾಣಿಕವಾಗಿ ಮಾಡಿಕೊಟ್ಟವರು ಎಲ್ಲ ಕಸುಬಿನಲ್ಲೂ ಇದ್ದಾರೆ. ಅವರ ಕೆಲಸ ಕೊಟ್ಟ ಮಾತನ್ನು ನಡೆಸಬೇಕಾದವರು ಬೇರೆ ಯಾರೋ. ನಡೆಯದೆ ಹೋದದ್ದು ಅವರಿಗೆ ಗೊತ್ತು, ಗೊತ್ತೆಂದು ಹೇಳಿದರೆ ತಮ್ಮ ಕೆಲಸದ ಮರ್ಯಾದೆಯೂ ಅದರ ಜೊತೆಗೇ ಹೋಗುತ್ತದೆ. ಆದ್ದರಿಂದ ಅವರು ಬಾಳೆಲ್ಲ ಬಾಯಿ ಮುಚ್ಚಿಕೊಂಡಿರುತ್ತಾರೆ. ತಮ್ಮ ಕರುಳಿನವರು ಗಿರಾಕಿಯ ಜಾಗದಲ್ಲಿ ಬಂದು ನಿಂತ ದಿನ ಮಾತ್ರ, ಆ ಮರ್ಯಾದೆಯನ್ನು ತಾವೇ ಒಂದೊಂದು ಹೊಲಿಗೆಯಾಗಿ ಬಿಚ್ಚಿ ಕೊಡುತ್ತಾರೆ.